ಫಿಲೀಒ ಅಲ್ಲ, ಫೀಲಿಒ: ಒಂದು ಕೀರ್ತನೆ, ಒಂದು ಸಾಫ್ಟ್‌ವೇರ್, ಮೂರು ಸಲ ಅಚ್ಚಾದ ಹಾಳೆ

ನಮ್ಮ ಕ್ವಾಯರ್ (ಹಾಡುವ ತಂಡ) ಅಭ್ಯಾಸದ ದಿನ ಮುಗ್ಗರಿಸಿದ್ದು ಎಲ್ಲರಿಗೂ ಬಾಯಿಪಾಠ ಬರುವ ಸಾಲಿನಲ್ಲಿ. ‘ಗ್ಲೋರಿಯಾ ಪಾತ್ರಿ, ಎತ್ ಫೀಲಿಒ’. ಪಿತನಿಗೂ ಸುತನಿಗೂ ಮಹಿಮೆ ಅನ್ನುವ ಲ್ಯಾಟಿನ್ ಸಾಲು. ಬೈಬಲ್‌ನ ಪ್ರತಿ ಕೀರ್ತನೆ ಹಾಡಿದಾಗ ಕೊನೆಗೆ ಇದು ಬರುತ್ತದೆ. ಹನ್ನೊಂದು ಜನರಲ್ಲಿ ನಾಲ್ಕು ಜನ ‘ಫೀ’ ಮೇಲೆ ಸ್ವರ ಏರಿಸಿದರು. ಉಳಿದ ಏಳು ಜನ ನನ್ನ ಹಾಳೆ ನೋಡಿಕೊಂಡು ‘ಲಿ’ ಮೇಲೆ ಏರಿಸಿದರು. ಒಂದು ಕ್ಷಣ ಎರಡು ಬೇರೆ ಬೇರೆ ಕ್ವಾಯರ್ ಹಾಡುತ್ತಿರುವ ಹಾಗೆ ಕೇಳಿಸಿತು.

ನಮ್ಮಲ್ಲಿ ಲ್ಯಾಟಿನ್ ಚೆನ್ನಾಗಿ ಬಲ್ಲ ಹಿರಿಯರೊಬ್ಬರಿದ್ದಾರೆ. ಅವರು ಹಾಳೆ ಎತ್ತಿ ಹಿಡಿದು ಕೇಳಿದರು: “ಇದೇನಪ್ಪಾ, ದೇವರ ಮಗನ ಹೆಸರನ್ನೇ ಎಳೆದುಬಿಟ್ಟಿದ್ದೀಯಲ್ಲ? ಫಿ-ಲೀ-ಒ ಅಂತೆ!”

ಹಾಳೆ ಮಾಡಿದ್ದು ನಾನು. ಮಾಡಿದ್ದು ಅನ್ನುವುದಕ್ಕಿಂತ, ಒಂದು ಉಚಿತ ಸಾಫ್ಟ್‌ವೇರ್ ಕೈಲಿ ಮಾಡಿಸಿದ್ದು. ಏನು ತಪ್ಪಾಯಿತು, ಅದನ್ನು ಸರಿಮಾಡಲು ಹೋಗಿ ಮತ್ತೇನು ತಪ್ಪು ಮಾಡಿದೆ ಅನ್ನುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಬೇಕಾಗಿದ್ದು ಏನು

ಭಾನುವಾರದ ಸಂಜೆ ಪ್ರಾರ್ಥನೆಗೆ ಎರಡು ಕೀರ್ತನೆಗಳನ್ನು ಗ್ರೆಗೋರಿಯನ್ ಅನ್ನುವ ಹಳೆಯ ಚರ್ಚ್ ಗಾಯನದ ಧಾಟಿಯಲ್ಲಿ, ಲ್ಯಾಟಿನ್‌ನಲ್ಲೇ ಹಾಡಬೇಕಿತ್ತು. ಒಂದು 109ನೇ ಕೀರ್ತನೆ, ‘ದಿಕ್ಸಿತ್ ದೋಮಿನುಸ್’. ಇನ್ನೊಂದು 116, ‘ಲೌದಾತೆ ದೋಮಿನುಮ್’. ಇದು ಎಲ್ಲ ಕೀರ್ತನೆಗಳಲ್ಲೂ ಚಿಕ್ಕದು, ಎರಡೇ ವಚನ.

ಅಂಕಿಯ ವಿಷಯದಲ್ಲೇ ಮೊದಲ ಗೊಂದಲ. ಹೀಬ್ರೂ ಬೈಬಲ್‌ನ 9 ಮತ್ತು 10ನೇ ಕೀರ್ತನೆಗಳು ಹಳೆಯ ಲ್ಯಾಟಿನ್ ಬೈಬಲ್‌ನಲ್ಲಿ ಸೇರಿ ಒಂದೇ ಆಗಿವೆ. ಅಲ್ಲಿಂದ ಮುಂದೆ ಬಹುದೂರ ಒಂದು ಅಂಕಿ ಹಿಂದೆ ಬೀಳುತ್ತದೆ. ಈಗಿನ ಬೈಬಲ್‌ಗಳಲ್ಲಿ 110 ಅಂತ ಇರುವುದು ಲ್ಯಾಟಿನ್ ಹಾಡಿನ ಪುಸ್ತಕದಲ್ಲಿ 109. ನಾನು ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ 110 ಒತ್ತಿ, ಬೇರೆಯದೇ ಕೀರ್ತನೆಯನ್ನು ಅರ್ಧ ಗಂಟೆ ಜೋಡಿಸಿದ್ದೆ. ಅದು ಹೋಗಲಿ.

ಧಾಟಿಯ ಬಗ್ಗೆ ಸ್ವಲ್ಪ ಹೇಳಬೇಕು. ಗ್ರೆಗೋರಿಯನ್ ಕೀರ್ತನೆಗೆ ಎಂಟು ಧಾಟಿಗಳಿವೆ, ಜೊತೆಗೆ ‘ಪೆರೆಗ್ರೀನುಸ್’ ಅನ್ನುವ ಒಂಬತ್ತನೆಯದು. ಯಾವ ಧಾಟಿ ಅನ್ನುವುದನ್ನು ಕೀರ್ತನೆ ಹೇಳುವುದಿಲ್ಲ, ಅದರ ಹಿಂದೆ ಮುಂದೆ ಹಾಡುವ ಆಂಟಿಫನ್ ಅನ್ನುವ ಸಣ್ಣ ಹಾಡು ಹೇಳುತ್ತದೆ. ಆಂಟಿಫನ್ ಎಂಟನೇ ಮೋಡ್‌ನಲ್ಲಿ (ಸ್ವರಕ್ರಮದಲ್ಲಿ) ಇದ್ದರೆ ಕೀರ್ತನೆಯೂ ಎಂಟನೇ ಧಾಟಿಯಲ್ಲಿ. ಪ್ರತಿ ವಚನವೂ ಎರಡು ಭಾಗ, ನಡುವೆ ನಕ್ಷತ್ರದ ಗುರುತು. ವಚನದ ಹೆಚ್ಚಿನ ಪಾಲು ಒಂದೇ ಸ್ವರದ ಮೇಲೆ ಓದುತ್ತಾ ಹೋಗುವುದು. ಆ ಸ್ವರಕ್ಕೆ ಟೆನರ್ ಅನ್ನುತ್ತಾರೆ. ಮೊದಲ ಭಾಗದ ಕೊನೆಗೆ ಒಂದು ಸಣ್ಣ ತಿರುವು, ಎರಡನೇ ಭಾಗದ ಕೊನೆಗೆ ಇನ್ನೊಂದು. ಅಷ್ಟೇ.

ಎಂಟನೇ ಧಾಟಿಯಲ್ಲಿ ಟೆನರ್ ‘ದೋ’ (ದೋ, ರೇ, ಮೀ, ಫಾ, ಸೋಲ್, ಲಾ, ಸೀ ಅಂದರೆ ಪಾಶ್ಚಾತ್ಯರ ಸರಿಗಮ). ಮೊದಲ ತಿರುವು: ಕೊನೆಯ ಒತ್ತಿನ (ಅಂದರೆ ಒತ್ತಿ ಹೇಳುವ) ಅಕ್ಷರದ ಮೇಲೆ ‘ರೇ’ಗೆ ಏರಿ, ಮತ್ತೆ ‘ದೋ’ಗೆ ಬರುವುದು. ಎರಡನೇ ತಿರುವಿಗೆ ಹಲವು ಮುಕ್ತಾಯಗಳಿವೆ. ನಾವು ಆರಿಸಿದ್ದು ‘ಸೋಲ್’ನಲ್ಲಿ ಮುಗಿಯುವುದು: ಒತ್ತಿಗೆ ಮುಂಚಿನ ಎರಡು ಅಕ್ಷರಕ್ಕೆ ‘ಸೀ’, ‘ದೋ’, ಒತ್ತಿನ ಅಕ್ಷರಕ್ಕೆ ‘ಲಾ’, ಕೊನೆಗೆ ‘ಸೋಲ್’. (ಇಲ್ಲಿ ಅಕ್ಷರ ಅಂದರೆ ಛಂದಸ್ಸಿನಲ್ಲಿ ಎಣಿಸುತ್ತೇವಲ್ಲ, ಆ ಅಕ್ಷರ. ಲಿಪಿಯ ಗುರುತಿಗೆ ಲೆಟರ್ ಅಂತಲೇ ಬರೆಯುತ್ತೇನೆ.)

ಅಂದರೆ ಇಡೀ ಆಟ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಕೊನೆಯ ಒತ್ತು ಯಾವ ಅಕ್ಷರದ ಮೇಲೆ? ಅದು ಗೊತ್ತಾದರೆ ಉಳಿದದ್ದು ಎಣಿಕೆ. ಎಣಿಕೆ ಕಂಪ್ಯೂಟರ್‌ಗೆ ಬಿಟ್ಟ ಕೆಲಸ, ಅಲ್ವಾ? ನಾನೂ ಹಾಗೇ ಅಂದುಕೊಂಡೆ.

ಮೊದಲ ಹಾಳೆ

ಸಾಫ್ಟ್‌ವೇರ್ ಬಳಸುವುದು ತೀರಾ ಸುಲಭ. ಪಠ್ಯ ತಂದು ಅಂಟಿಸುವುದು, ಧಾಟಿ ಆರಿಸುವುದು, ಮುಕ್ತಾಯ ಆರಿಸುವುದು. ಅದು ಎರಡು ತರಹ ಉತ್ತರ ಕೊಡುತ್ತದೆ. ಒಂದು, ಒತ್ತಿನ ಅಕ್ಷರ ದಪ್ಪಗೆ, ಅದರ ಮುಂಚಿನ ಸಿದ್ಧತೆಯ ಅಕ್ಷರಗಳು ಓರೆಯಾಗಿ ಇರುವ ಬರೀ ಪಠ್ಯ. ಇನ್ನೊಂದು, ಜಿಎಬಿಸಿ ಅನ್ನುವ ಬರಹ. ಇದರಲ್ಲಿ ಪ್ರತಿ ಅಕ್ಷರದ ಪಕ್ಕ ಕಂಸದೊಳಗೆ ಸ್ವರದ ಲೆಟರ್ ಇರುತ್ತದೆ. ಕನ್ನಡದಲ್ಲಿ ಬರೆದು ತೋರಿಸಿದರೆ ಹೀಗೆ: ದಿಕ್(ಜಿ)ಸಿತ್(ಎಚ್) ದೋ(ಜೆ)ಮಿ(ಜೆ)ನುಸ್(ಜೆ). ಇದನ್ನು ಗ್ರೆಗೋರಿಯೊ ಅನ್ನುವ ಉಚಿತ ಪ್ರೋಗ್ರಾಂಗೆ ಕೊಟ್ಟರೆ ನಾಲ್ಕು ಗೆರೆಗಳ ಮೇಲೆ ಚೌಕ ಸ್ವರಗಳು ಹಳೆಯ ಪುಸ್ತಕದಷ್ಟೇ ಚೆಂದವಾಗಿ ಮೂಡುತ್ತವೆ. ಆ ಚೆಂದವೇ ಮೋಸ ಮಾಡಿತು ಅನ್ನಿಸುತ್ತದೆ. ಅಷ್ಟು ಮುದ್ದಾಗಿ ಅಚ್ಚಾದ ಹಾಳೆಯಲ್ಲಿ ತಪ್ಪಿರಬಹುದು ಅಂತ ಯಾರಿಗೆ ತೋಚುತ್ತದೆ?

ಮೊದಲ ವಚನಕ್ಕೆ ಮಾತ್ರ ಸ್ವರ ಹಾಕಿ, ಉಳಿದವಕ್ಕೆ ದಪ್ಪ ಮತ್ತು ಓರೆ ಅಕ್ಷರ ಸಾಕು ಅಂತ ಕ್ವಾಯರ್ ಮಾಸ್ಟರ್ ಹೇಳಿದ್ದರು. ಹಳೆಯ ಪುಸ್ತಕಗಳದ್ದೂ ಇದೇ ಕ್ರಮ. ಸರಿ, ಹಾಗೇ ಮಾಡಿ ಅಚ್ಚು ಹಾಕಿಸಿದೆ.

ಒತ್ತು ಎಲ್ಲಿಂದ ಬರುತ್ತದೆ

ಲ್ಯಾಟಿನ್ ಪದಕ್ಕೆ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ನಿಯಮವಿದೆ. ಕನ್ನಡ ಓದುಗರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಇದು ಗುರು-ಲಘು ಲೆಕ್ಕ. ಎರಡಕ್ಷರದ ಪದವಾದರೆ ಒತ್ತು ಮೊದಲನೆಯದಕ್ಕೆ. ಮೂರು ಅಥವಾ ಜಾಸ್ತಿ ಇದ್ದರೆ ಕೊನೆಯಿಂದ ಎರಡನೆಯದನ್ನು ನೋಡಬೇಕು. ಅದು ಗುರುವಾದರೆ ಒತ್ತು ಅದಕ್ಕೇ. ಲಘುವಾದರೆ ಒತ್ತು ಅದರ ಹಿಂದಿನದಕ್ಕೆ. ‘ತು-ಓ-ರುಮ್’ನಲ್ಲಿ ‘ಓ’ ಗುರು, ಒತ್ತು ಅಲ್ಲೇ. ‘ಫೀ-ಲಿ-ಒ’ದಲ್ಲಿ ‘ಲಿ’ ಲಘು, ಒತ್ತು ‘ಫೀ’ಗೆ ಹೋಗುತ್ತದೆ.

ತೊಂದರೆ ಲಿಪಿಯದು. ಕನ್ನಡದಲ್ಲಿ ದೀರ್ಘವನ್ನು ಬರೆದೇ ತೋರಿಸುತ್ತೇವೆ. ಲ್ಯಾಟಿನ್ ಬರಹದಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ ಲೆಟರ್. ‘ವಿರ್ತೂತಿಸ್’ನ ‘ತೂ’ ದೀರ್ಘ, ‘ಪೋಪುಲಿ’ಯ ‘ಪು’ ಹ್ರಸ್ವ, ಆದರೆ ಕಾಗದದ ಮೇಲೆ ಎರಡೂ ಒಂದೇ. ಭಾಷೆ ಬಲ್ಲವರಿಗೆ ಗೊತ್ತು, ಬರೀ ಬರಹ ನೋಡುವ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಪೂಜಾವಿಧಿಯ ಪುಸ್ತಕಗಳಲ್ಲಿ ಮೂರಕ್ಷರ ಮತ್ತು ಅದಕ್ಕಿಂತ ಉದ್ದದ ಪದಗಳ ಮೇಲೆ ಒತ್ತಿನ ಗೀಟು ಹಾಕಿರುತ್ತಾರೆ. ಎರಡಕ್ಷರದ ಪದಕ್ಕೆ ಅದು ಬೇಡ, ನಿಯಮವೇ ಹೇಳುತ್ತದೆ.

ನಾನು ಅಂಟಿಸಿದ ಪಠ್ಯದಲ್ಲಿ ಒಂದೂ ಗೀಟು ಇರಲಿಲ್ಲ. ಅದು 1979ರ ಹೊಸ ಲ್ಯಾಟಿನ್ ಬೈಬಲ್ ‘ನೋವಾ ವುಲ್ಗಾತಾ’ದ ಪಠ್ಯ, ಓದುವುದಕ್ಕೆ ಇಟ್ಟದ್ದು, ಹಾಡುವುದಕ್ಕಲ್ಲ. ಗೀಟು ಕಾಣದಿದ್ದರೆ ಸಾಫ್ಟ್‌ವೇರ್ ಸುಮ್ನೆ ಕೊನೆಯಿಂದ ಎರಡನೆಯದಕ್ಕೆ ಒತ್ತು ಹಾಕಿಬಿಡುತ್ತಿತ್ತು. ಎಚ್ಚರಿಕೆ ಇಲ್ಲ, ಕೆಂಪು ಗುರುತಿಲ್ಲ. ನನ್ನ ಪ್ರಕಾರ ಇದು ಆ ಉಪಕರಣದ ನಿಜವಾದ ಕೊರತೆ. ಗೊತ್ತಿಲ್ಲ ಅಂತ ಹೇಳುವ ಬದಲು ಊಹೆ ಮಾಡುತ್ತದೆ, ಅದೂ ಪೂರ್ತಿ ಧೈರ್ಯದಿಂದ.

ಕೆಟ್ಟದ್ದು ಏನೆಂದರೆ, ಊಹೆ ಎಷ್ಟೋ ಕಡೆ ಸರಿಯೇ ಆಗುತ್ತದೆ. 109ರಲ್ಲಿ ‘ದೋಮಿನೊ ಮೇಒ’ ಸರಿ. ‘ದೆಕ್ಸ್‌ತ್ರಿಸ್ ಮೇಇಸ್’ ಸರಿ. ‘ಪೇದುಮ್ ತುಓರುಮ್’ ಸರಿ. ಮೊದಲ ಮೂರು ವಚನ ಹಾಡಿ ನೋಡಿ, ಎಲ್ಲ ಚೆನ್ನಾಗಿದೆ ಅಂದುಕೊಂಡು ನಾನು ಮುಂದಿನದನ್ನು ನೋಡಲೇ ಇಲ್ಲ.

116ರ ಮೊದಲ ವಚನ ಮುಗಿಯುವುದು ‘ಓಮ್ನೆಸ್ ಪೋಪುಲಿ’, ಎಲ್ಲ ಜನಾಂಗಗಳೇ, ಅಂತ. ಸರಿಯಾಗಿ ಹಾಡಿದರೆ ‘ಓಮ್’ಗೆ ಸೀ, ‘ನೆಸ್’ಗೆ ದೋ, ‘ಪೋ’ಗೆ ಲಾ, ‘ಪು’ಗೂ ‘ಲಿ’ಗೂ ಸೋಲ್. ನನ್ನ ಹಾಳೆಯಲ್ಲಿ ಒತ್ತು ‘ಪು’ ಮೇಲೆ ಇತ್ತು. ಅದರಿಂದ ‘ನೆಸ್’ ಸೀ, ‘ಪೋ’ ದೋ, ‘ಪು’ ಲಾ, ‘ಲಿ’ ಸೋಲ್. ಒಂದು ಅಕ್ಷರ ಜಾರಿದರೆ ಇಡೀ ತಿರುವು ಅದರ ಜೊತೆ ಜಾರುತ್ತದೆ. ಕೇಳಿದವರಿಗೆ ಪದವೇ ಬೇರೆಯಾಗಿ ಕೇಳಿಸುತ್ತದೆ.

ಇನ್ನೊಂದು ‘ಏಯುಸ್’ ಅನ್ನುವ ಪದ. ‘ಅವನ’ ಅಂತ ಅರ್ಥ. 116ರ ಎರಡನೇ ವಚನದ ಮೊದಲ ಭಾಗ ‘ಮಿಸೆರಿಕೋರ್ದಿಆ ಏಯುಸ್’ ಅಂತ ಮುಗಿಯುತ್ತದೆ. ಎರಡೇ ಅಕ್ಷರದ ಪದ. ಹಳೆಯ ಹಾಡಿನ ಪುಸ್ತಕಗಳಲ್ಲಿ ನಡುವೆ ‘ಜೆ’ (j) ಲೆಟರ್ ಹಾಕಿ ಬರೆಯುತ್ತಿದ್ದರು, ಹೊಸ ಪಠ್ಯದಲ್ಲಿ ‘ಐ’ (i) ಲೆಟರ್. ‘ಐ’ ಕಂಡ ಸಾಫ್ಟ್‌ವೇರ್ ಅದನ್ನು ಸ್ವರಾಕ್ಷರ ಅಂದುಕೊಂಡು ‘ಎ-ಇ-ಉಸ್’ ಅಂತ ಮೂರು ತುಂಡು ಮಾಡಿತು. ಮೂರಾದ ಮೇಲೆ ಒತ್ತು ನಡುವಿನದಕ್ಕೆ. ಇಲ್ಲದ ಅಕ್ಷರದ ಮೇಲೆ ‘ರೇ’ ಹತ್ತಿಸಿ ಕೂರಿಸಿತ್ತು.

ಎರಡನೇ ಹಾಳೆ, ನನ್ನ ತಪ್ಪು

ಅಭ್ಯಾಸ ಮುಗಿಸಿ ಬಂದವನು ಅವತ್ತೇ ರಾತ್ರಿ ಕೂತು ತಿದ್ದಿದೆ. ಎಲ್ಲಿ? ಉತ್ತರದಲ್ಲಿ. ಸಾಫ್ಟ್‌ವೇರ್ ಕೊಟ್ಟ ಹಾಳೆಯನ್ನೇ ತೆಗೆದು ದಪ್ಪ ಇದ್ದದ್ದನ್ನು ತೆಳು ಮಾಡಿದೆ, ತೆಳು ಇದ್ದದ್ದನ್ನು ದಪ್ಪ ಮಾಡಿದೆ, ಓರೆ ಅಕ್ಷರಗಳನ್ನು ಒಂದೊಂದೇ ಎಡಕ್ಕೆ ಸರಿಸಿದೆ. ಎರಡೂವರೆ ಗಂಟೆ ಹಿಡಿಯಿತು. ಹಿರಿಯರಿಗೆ ಕಳಿಸಿದೆ. “ಈಗ ಪರವಾಗಿಲ್ಲ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮುಂದಿನ ಅಭ್ಯಾಸದಲ್ಲಿ ಒಂದು ವಾದ ನಡೆಯಿತು. 109ರ ಮೂರನೇ ವಚನದ ಮೊದಲ ಭಾಗ ‘ಎಕ್ಸ್ ಸೀಒನ್’ ಅಂತ ಮುಗಿಯುತ್ತದೆ. ಸಿಯೋನ್ ಹೀಬ್ರೂ ಹೆಸರು. ಭಾಗದ ಕೊನೆಗೆ ಇಂಥ ಹೀಬ್ರೂ ಹೆಸರೋ ಒಂದೇ ಅಕ್ಷರದ ಪದವೋ ಬಂದರೆ, ತಿರುವನ್ನು ಮೇಲೆಯೇ ಕತ್ತರಿಸಿ ನಿಲ್ಲಿಸುವ ಹಳೆಯ ಪದ್ಧತಿ ಇದೆ: ‘ಸೀ’ಗೆ ದೋ, ‘ಒನ್’ಗೆ ರೇ, ಅಲ್ಲೇ ನಿಲುಗಡೆ. ಬೇರೆ ಪದಗಳ ಹಾಗೆಯೇ ರೇ-ದೋ ಅಂತ ಇಳಿಸುವುದೂ ನಡೆಯುತ್ತದೆ. ಹಿರಿಯರಿಗೆ ಕತ್ತರಿಸುವುದೇ ಅಭ್ಯಾಸ. ಮಾಸ್ಟರ್‌ಗೆ ಇಳಿಸುವುದು ಇಷ್ಟ. ಇಪ್ಪತ್ತು ನಿಮಿಷ ಚರ್ಚೆ ಆಯಿತು. ಕೊನೆಗೆ ಇಳಿಸುವುದು ಅಂತ ತೀರ್ಮಾನ.

ಆ ಇಪ್ಪತ್ತು ನಿಮಿಷವೂ ನನ್ನ ಎರಡೂವರೆ ಗಂಟೆಯೂ ನೀರಿಗೆ ಹೋದದ್ದು ಅದೇ ಸಂಜೆ. ನಾವು ಇಟ್ಟುಕೊಂಡಿದ್ದ ಆಂಟಿಫನ್ ಬೇರೆ ಹಬ್ಬದ್ದು ಅಂತ ಮಾಸ್ಟರ್ ಕಂಡುಹಿಡಿದರು. ಸಾಮಾನ್ಯ ಭಾನುವಾರಕ್ಕೆ ಹಳೆಯ ಪುಸ್ತಕದಲ್ಲಿರುವ ಆಂಟಿಫನ್ ಏಳನೇ ಮೋಡ್‌ನದು. ಹಾಗಾಗಿ 109 ಏಳನೇ ಧಾಟಿಗೆ ಹೋಗಬೇಕು.

ಎಂಟರಿಂದ ಏಳಕ್ಕೆ ಹೋದರೆ ಸ್ವರ ಮಾತ್ರ ಬದಲಾಗುವುದಲ್ಲ. ಎಂಟನೆಯದರಲ್ಲಿ ಪ್ರತಿ ತಿರುವಿಗೂ ಒಂದೇ ಒತ್ತು. ಏಳನೆಯದರಲ್ಲಿ ಎರಡೂ ತಿರುವುಗಳಿಗೆ ಎರಡೆರಡು ಒತ್ತು ಬೇಕು. ಬರೀ ಮುಕ್ತಾಯ ಬದಲಾಗಿದ್ದರೆ, ಉದಾಹರಣೆಗೆ ‘ಸೋಲ್’ ಬದಲು ‘ದೋ’ದಲ್ಲಿ ಮುಗಿಯುವ ಎಂಟನೆಯದೇ ಆಗಿದ್ದರೆ, ದಪ್ಪ-ಓರೆ ಗುರುತುಗಳೆಲ್ಲ ಹಾಗೇ ಉಳಿಯುತ್ತಿದ್ದವು. ಅಲ್ಲೂ ಎರಡು ಸಿದ್ಧತೆ, ಒಂದು ಒತ್ತು. ಇಲ್ಲಿ ಒಂದೂ ಉಳಿಯಲಿಲ್ಲ. ಮತ್ತೆ ಸಾಫ್ಟ್‌ವೇರ್‌ಗೆ ಪಠ್ಯ ಹಾಕಿದೆ. ನಾನು ಕೈಯಾರೆ ತಿದ್ದಿದ್ದೆಲ್ಲ ಉತ್ತರದಲ್ಲಿತ್ತು, ಪಠ್ಯದಲ್ಲಿರಲಿಲ್ಲ. ‘ಫಿ-ಲೀ-ಒ’ ಮತ್ತೆ ಬಂದು ನಿಂತಿತ್ತು.

ಮೂರನೇ ಹಾಳೆ

ಈ ಸಲ ಹಾಳೆ ಮುಟ್ಟಲಿಲ್ಲ. ಯಾವ ಪಠ್ಯ ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಂಡೆವು. ಇದನ್ನು ಎಲ್ಲಕ್ಕಿಂತ ಮುಂಚೆ ಮಾಡಬೇಕಿತ್ತು. ಹೊಸ ಪಠ್ಯದಲ್ಲಿ ಮೂರನೇ ವಚನ ‘ವಿರ್ಗಾಮ್ ಪೊತೆನ್ಸಿಏ ತೂಏ’, ಹಳೆಯದರಲ್ಲಿ ‘ವಿರ್ಗಾಮ್ ವಿರ್ತೂತಿಸ್ ತೂಏ’. ಮುಂದಿನ ವಚನದಲ್ಲಿ ಒಂದು ಕಡೆ ‘ಪ್ರಿನ್ಚಿಪಾತುಸ್’, ಇನ್ನೊಂದು ಕಡೆ ‘ಪ್ರಿನ್ಚೀಪಿಉಮ್’. ಬಾಯಿಪಾಠ ಇದ್ದ ನಾಲ್ಕು ಜನರಿಗೂ ಹಳೆಯದೇ ಬರುತ್ತಿತ್ತು. ಆಂಟಿಫನ್ ಕೂಡ ಹಳೆಯದು. ಪಠ್ಯವೂ ಹಳೆಯದೇ ಇರಲಿ ಅಂದರು ಮಾಸ್ಟರ್.

ಹಿರಿಯರ ಬಳಿ ‘ಲೀಬೆರ್ ಉಸುಆಲಿಸ್’ ಇತ್ತು. ಸೊಲೆಮ್ ಮಠದ ಸನ್ಯಾಸಿಗಳು 1896ರಲ್ಲಿ ಮೊದಲು ತಂದ ಹಾಡಿನ ಪುಸ್ತಕದ ಮುಂದಿನ ಮುದ್ರಣ, ಇಟ್ಟಿಗೆ ಗಾತ್ರದ್ದು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರು ಓದುತ್ತಾ ಹೋದರು, ನಾನು ಪಠ್ಯದ ಫೈಲ್‌ನಲ್ಲಿ ಗೀಟು ಹಾಕುತ್ತಾ ಹೋದೆ. ಮೂರಕ್ಷರದ ಮತ್ತು ಅದಕ್ಕಿಂತ ಉದ್ದದ ಪ್ರತಿ ಪದಕ್ಕೂ. ‘ಏಯುಸ್’ಗೆ ‘ಜೆ’. ‘ತೂಏ’ಯ ಕೊನೆಯ ಎರಡು ಲೆಟರ್‌ಗಳನ್ನು ಬೆಸೆದು ಒಂದೇ ಗುರುತಾಗಿ. ಎರಡು ಕೀರ್ತನೆ ಮತ್ತು ಗ್ಲೋರಿಯಾ ಸೇರಿ ಮುಕ್ಕಾಲು ಗಂಟೆ ಆಯಿತು.

ಆಮೇಲೆ ಸಾಫ್ಟ್‌ವೇರ್‌ಗೆ ಹಾಕಿದಾಗ ಬಂದದ್ದು ಬೇರೆಯೇ ಹಾಳೆ. ಆದರೂ ಒಂದು ಕಡೆ ನನಗೆ ಅನುಮಾನ ಬಂತು. ಐದನೇ ವಚನದ ಕೊನೆ ‘ಸೆಕೂನ್ದುಮ್ ಓರ್ದಿನೆಮ್ ಮೆಲ್ಕೀಸೆದೆಕ್’. ಏಳನೇ ಧಾಟಿಗೆ ಎರಡು ಒತ್ತು ಬೇಕು. ಕೊನೆಯದು ‘ಕೀ’, ಸರಿ. ಅದರ ಹಿಂದಿನದು ‘ಓರ್’ ಆಗಬೇಕಲ್ಲ? ಗೀಟು ಇರುವುದು ಅದರ ಮೇಲೆ. ಸಾಫ್ಟ್‌ವೇರ್ ‘ನೆಮ್’ ಅನ್ನು ದಪ್ಪ ಮಾಡಿತ್ತು. ಗೀಟಿಲ್ಲ, ಏನಿಲ್ಲ, ಪದದ ಬಾಲದ ಮೇಲೆ ಒತ್ತು. ಮತ್ತೆ ಕೆಟ್ಟಿತು ಅಂದುಕೊಂಡು ತಿದ್ದಲು ಹೊರಟೆ.

“ತಡಿಯಪ್ಪಾ” ಅಂದರು ಹಿರಿಯರು. ಪುಸ್ತಕ ತಿರುಗಿಸಿ ತೋರಿಸಿದರು. ಅಲ್ಲೂ ದಪ್ಪ ಇದ್ದದ್ದು ‘ನೆಮ್’.

ಕಾರಣ ಹೀಗೆ. ಎರಡು ಒತ್ತುಗಳ ನಡುವೆ ಧಾಟಿಯಲ್ಲಿ ಒಂದೋ ಎರಡೋ ಅಕ್ಷರಕ್ಕೆ ಮಾತ್ರ ಜಾಗ. ‘ಓರ್’ ಮತ್ತು ‘ಕೀ’ ನಡುವೆ ದಿ, ನೆಮ್, ಮೆಲ್ ಅಂತ ಮೂರಿವೆ. ಹಾಗಾದಾಗ ಕೊನೆಯ ಒತ್ತಿನಿಂದ ಎರಡು ಹಿಂದೆ ಎಣಿಸಿ, ಅಲ್ಲಿ ಸಿಕ್ಕಿದ ಅಕ್ಷರಕ್ಕೆ ಸಣ್ಣ ಒತ್ತು ಕೊಡುತ್ತಾರೆ. ಅದರ ಹಿಂದಿನ ವಚನ ಮುಗಿಯುವ ‘ಗೇನುಇ ತೆ’ಯಲ್ಲೂ ಅದೇ ಲೆಕ್ಕ. ನಿಜವಾದ ಒತ್ತು ‘ಗೇ’ ಮೇಲೆ, ಆದರೆ ಕೊನೆಯ ‘ತೆ’ಯಿಂದ ಅದು ತುಂಬ ದೂರ. ಹಾಗಾಗಿ ಧಾಟಿಯ ಒತ್ತು ‘ಇ’ ಮೇಲೆ ಬೀಳುತ್ತದೆ. ಮೊದಲ ಹಾಳೆಯಲ್ಲಿ ಗೀಟಿಲ್ಲದ ‘ಗೇನುಇ’ಯನ್ನು ಸಾಫ್ಟ್‌ವೇರ್ ‘ಗೆ-ನೂ-ಇ’ ಅಂತ ಓದಿ, ‘ನು’ ಮೇಲೆ ಒತ್ತಿಟ್ಟು ಕೆಡಿಸಿತ್ತು. ಗೀಟು ಕೊಟ್ಟ ಕೂಡಲೇ ತಾನೇ ಸರಿಯಾಗಿ ಎಣಿಸಿತು. ಎಣಿಕೆಯಲ್ಲಿ ಅದು ಎಲ್ಲೂ ತಪ್ಪಿರಲಿಲ್ಲ. ನಾನು ಕೊಟ್ಟ ಪಠ್ಯ ಸರಿಯಿರಲಿಲ್ಲ, ಅಷ್ಟೇ.

ಪರೀಕ್ಷೆಗೆ ಈಗ ಒಂದು ಸಣ್ಣ ಉಪಾಯ ಇಟ್ಟುಕೊಂಡಿದ್ದೇನೆ. ಕೀರ್ತನೆಗಿಂತ ಮೊದಲು ಗ್ಲೋರಿಯಾ ಪಾತ್ರಿಯನ್ನು ಹಾಕಿ ನೋಡುವುದು. ಹಳೆಯ ಪುಸ್ತಕಗಳಲ್ಲಿ ಆಂಟಿಫನ್‌ನ ಕೊನೆಗೆ ‘ಎ ಉ ಒ ಉ ಅ ಎ’ ಅಂತ ಬರೀ ಸ್ವರಾಕ್ಷರಗಳ ಒಂದು ವಿಚಿತ್ರ ಸಾಲು ಇರುತ್ತದೆ. ಮೊದಲ ಸಲ ನೋಡಿದಾಗ ಮಂತ್ರವೇನೋ ಅನ್ನಿಸಿತ್ತು. ಅದು ‘ಸೇಕುಲೋರುಮ್ ಆಮೆನ್’ ಅನ್ನುವ ಗ್ಲೋರಿಯಾದ ಕೊನೆಯ ಎರಡು ಪದಗಳಲ್ಲಿರುವ ಸ್ವರಾಕ್ಷರಗಳು. ಅದರ ಮೇಲೆ ಮುಕ್ತಾಯದ ಸಂಗೀತ ಸ್ವರಗಳನ್ನು ಬರೆದಿರುತ್ತಾರೆ. ಎಂಟನೇ ಧಾಟಿಯ ನಮ್ಮ ಮುಕ್ತಾಯಕ್ಕೆ ದೋ ದೋ ಸೀ ದೋ ಲಾ ಸೋಲ್. ಸಾಫ್ಟ್‌ವೇರ್ ಕೊಟ್ಟದ್ದನ್ನು ಇದರ ಪಕ್ಕ ಇಟ್ಟು ನೋಡಿದರೆ ಮುಕ್ತಾಯ ಸರಿ ಆರಿಸಿದ್ದೇನೋ ಇಲ್ಲವೋ ಗೊತ್ತಾಗುತ್ತದೆ. ‘ಫೀಲಿಒ’ ಹೇಗೆ ಬಂದಿದೆ ನೋಡಿದರೆ ಪಠ್ಯದಲ್ಲಿ ಗೀಟುಗಳಿವೆಯೋ ಇಲ್ಲವೋ ಗೊತ್ತಾಗುತ್ತದೆ. ಒಂದು ನಿಮಿಷದ ಕೆಲಸ.

ಭಾನುವಾರ ಹನ್ನೊಂದು ಜನವೂ ಒಂದೇ ಹಾಳೆ ಹಿಡಿದು ಹಾಡಿದೆವು. ಏಳನೇ ಧಾಟಿಯಲ್ಲಿ ‘ಸೀಒನ್’ ಕತ್ತರಿಸುವ ಪ್ರಶ್ನೆ ಏಳಲೇ ಇಲ್ಲ. ಹಿರಿಯರಿಗೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು. ಹೊರಗೆ ಬರುವಾಗ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಕೇಳಿದರು: “ಮುಂದಿನ ಸಲ 113 ಅಲ್ವಾ? ಇನ್ ಎಕ್ಸಿತು ಇಸ್ರಾಎಲ್?”

ಹೌದು ಅಂದೆ. ಅದು ಪೆರೆಗ್ರೀನುಸ್ ಧಾಟಿ. ಮೊದಲ ಭಾಗಕ್ಕೆ ಟೆನರ್ ಲಾ, ಎರಡನೆಯದಕ್ಕೆ ಸೋಲ್. ನಾನು ಅದರ ಬಗ್ಗೆಯೇ ಯೋಚಿಸುತ್ತಿದ್ದೆ.

“ಧಾಟಿ ಇರಲಿ. ಇಸ್ರಾಎಲ್ ಅನ್ನೋದನ್ನ ನಿನ್ನ ಕಂಪ್ಯೂಟರ್ ಎಷ್ಟು ತುಂಡು ಮಾಡುತ್ತೆ ನೋಡು.”

ಮನೆಗೆ ಬಂದು ಮೊದಲು ಅದನ್ನೇ ಹಾಕಿದೆ. ‘ತೂಏ’ಯಲ್ಲಿ ‘ಎ’ (a) ಮತ್ತು ‘ಇ’ (e) ಲೆಟರ್ ಪಕ್ಕಪಕ್ಕ ಬಂದರೆ ಒಂದೇ ಅಕ್ಷರ. ‘ಇಸ್ರಾಎಲ್’ನಲ್ಲೂ ಅವೇ ಎರಡು ಲೆಟರ್ ಪಕ್ಕಪಕ್ಕ ಇವೆ, ಆದರೆ ಅಲ್ಲಿ ಬೇರೆ ಬೇರೆ ಅಕ್ಷರ. ಮೂರು ತುಂಡಾಗಬೇಕಿತ್ತು.

ಇಸ್-ರೇಲ್. ಎರಡೇ.